ಔಷಧಿ ಬೇಡ ಎನ್ನುವ ಮಗುವಿಗೆ ಔಷಧಿ ಕುಡಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಎರಡು ವರ್ಷದ ಮಗು ಒಮ್ಮೆ ಬಾಯಿ ಬಿಗಿಹಿಡಿದರೆ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಒಬ್ಬರು ಕೈ ಹಿಡಿದು, ಇನ್ನೊಬ್ಬರು ಗದ್ದ ಹಿಡಿದು, ಅಂತೂ ಒಳಗೆ ಹೋಯಿತು ಅನ್ನುವಷ್ಟರಲ್ಲಿ ಎಲ್ಲವೂ ಅಂಗಿಯ ಮೇಲೆ ವಾಪಸ್. ಹೊಟ್ಟೆಗೆ ಎಷ್ಟು ಹೋಯಿತು, ಎಷ್ಟು ಚೆಲ್ಲಿತು, ಲೆಕ್ಕವೇ ಸಿಗುವುದಿಲ್ಲ. ಎಂಟು ಗಂಟೆ ಬಿಟ್ಟು ಮತ್ತೆ ಇದೇ ಕಥೆ.

ಇಂಥ ಹೊತ್ತಲ್ಲಿ ಎಲ್ಲರೂ ಹುಡುಕುವುದು ಬಾಯಿ ತೆರೆಸುವ ಉಪಾಯವನ್ನು. ಆದರೆ ಔಷಧಿ ಮಗುವಿನ ಬಾಯಿ ಹತ್ತಿರ ಬರುವ ಮೊದಲೇ ಈ ಜಗಳದ ಬಹುಪಾಲು ತೀರ್ಮಾನವಾಗಿರುತ್ತದೆ. ಎಷ್ಟು ಎಂಎಲ್ ಕುಡಿಯಬೇಕು, ಎಷ್ಟು ಕಹಿ ಇದೆ, ಯಾವುದರಲ್ಲಿ ಕೊಡುತ್ತಿದ್ದೀರಿ, ಏನಂತ ಹೇಳಿ ಕರೆದಿರಿ, ಎಲ್ಲವೂ ಮುಖ್ಯ. ಹಾಗಾಗಿ ಡಾಕ್ಟರ ಮೇಜಿನಿಂದಲೇ ಶುರು ಮಾಡೋಣ.

1. ಡಾಕ್ಟರ ಎದುರಲ್ಲೇ ಕೇಳಿಕೊಳ್ಳಿ

“ಇವನು ಔಷಧಿ ಕುಡಿಯಲ್ಲ ಡಾಕ್ಟ್ರೇ” ಅಂತ ನೇರವಾಗಿ ಹೇಳಿ. ಸಂಕೋಚ ಬೇಡ, ಅವರು ದಿನವೂ ಕೇಳುವ ಮಾತೇ ಇದು. ಮೊದಲೇ ಹೇಳಿದರೆ ಅವರ ಹತ್ತಿರ ಬೇರೆ ದಾರಿಗಳಿರುತ್ತವೆ.

ಒಂದು ಲೆಕ್ಕ ನೋಡಿ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಅನ್ನು ಮಗುವಿನ ತೂಕ ನೋಡಿ ಬರೆಯುತ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. 10 ಕೆಜಿ ತೂಕದ ಮಗುವಿಗೆ 150 ಮಿಲಿಗ್ರಾಂ ಬರೆದಿದ್ದಾರೆ ಅಂದುಕೊಳ್ಳಿ. ಸಿರಪ್‌ನ ಪ್ರತಿ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇದ್ದರೆ ಮಗು 6 ಎಂಎಲ್ ಕುಡಿಯಬೇಕು. ಅದೇ 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ 3 ಎಂಎಲ್ ಸಾಕು. ಔಷಧಿ ಅದೇ, ಡೋಸ್ ಅದೇ, ನುಂಗಬೇಕಾದ್ದು ಅರ್ಧಕ್ಕರ್ಧ ಕಡಿಮೆ. ರಚ್ಚೆ ಹಿಡಿಯುವ ಮಗುವಿಗೆ ಈ 3 ಎಂಎಲ್ ವ್ಯತ್ಯಾಸ ದೊಡ್ಡದು. ಆದರೆ ಬಾಟಲಿ ಬದಲಾಯಿಸುವುದನ್ನು ಡಾಕ್ಟರಿಗೋ ಫಾರ್ಮಸಿಸ್ಟಿಗೋ ಬಿಡಿ. ನೀವೇ ಅಂದಾಜು ಮಾಡಿ ಹಳೇ ಅಳತೆಯಲ್ಲಿ ಹೊಸ ಬಾಟಲಿ ಕೊಟ್ಟರೆ ಡೋಸ್ ದುಪ್ಪಟ್ಟಾಗುತ್ತದೆ.

ಇನ್ನೂ ಕೆಲವು ಪ್ರಶ್ನೆ ಕೇಳಬಹುದು. ದಿನಕ್ಕೆ ಮೂರು ಸಲದ ಬದಲು ಒಂದೋ ಎರಡೋ ಸಲ ಕೊಡುವ ಔಷಧಿ ಇದೆಯಾ? ಬೇರೆ ಫ್ಲೇವರ್ ಸಿಗುತ್ತದಾ? ನೀರಲ್ಲಿ ಕರಗುವ ಮಾತ್ರೆ ಇದೆಯಾ? ಊಟಕ್ಕೆ ಮೊದಲಾ, ಆಮೇಲಾ? ತಿಂಡಿಯಲ್ಲಿ ಬೆರೆಸಬಹುದಾ? ಕೊನೆಯ ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಇದು ಕೊಡಲೇಬೇಕಾದ ಔಷಧಿಯಾ ಅಂತ. ಆಂಟಿಬಯಾಟಿಕ್, ಫಿಟ್ಸ್ ಔಷಧಿ, ಅಸ್ತಮಾದ ಔಷಧಿ ಇವುಗಳಲ್ಲಿ ರಾಜಿ ಇಲ್ಲ. ಜ್ವರದ ಔಷಧಿ ಹಾಗಲ್ಲ. ಅದು ಕೊಡುವುದು ಮಗುವಿನ ಸಂಕಟ ಕಡಿಮೆಯಾಗಲಿ ಅಂತ. ಮೈ ಸ್ವಲ್ಪ ಬೆಚ್ಚಗಿದ್ದರೂ ಮಗು ಆಡಿಕೊಂಡು, ನೀರು ಕುಡಿದುಕೊಂಡು ಇದ್ದರೆ ಬಲವಂತ ಮಾಡಿ ಕುಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಹಾಯಾಗಿ ಮಲಗಿರುವ ಮಗುವನ್ನು ಬರೀ ಜ್ವರದ ಔಷಧಿಗೋಸ್ಕರ ಎಬ್ಬಿಸುವುದೂ ಬೇಡ. ಇನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯಿಂದ ನೇರವಾಗಿ ತರುವ ಕೆಮ್ಮು ನೆಗಡಿ ಸಿರಪ್‌ಗಳನ್ನು ಕೊಡಲೇಬಾರದು. ಬೇಡದ ಜಗಳ ಕಡಿಮೆಯಾದರೆ ಬೇಕಾದ ಜಗಳಕ್ಕೆ ಇಬ್ಬರಲ್ಲೂ ತಾಳ್ಮೆ ಉಳಿಯುತ್ತದೆ.

2. ಚಮಚ ಬಿಡಿ, ಸಿರಿಂಜ್ ಹಿಡಿಯಿರಿ

ಅಡುಗೆಮನೆ ಚಮಚಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಔಷಧಿ ಲೆಕ್ಕದಲ್ಲಿ ಒಂದು ಟೀ ಚಮಚ ಅಂದರೆ 5 ಎಂಎಲ್, ಟೇಬಲ್ ಚಮಚ ಅಂದರೆ 15 ಎಂಎಲ್. ಎರಡೂ ಅದಲು ಬದಲಾದರೆ ಮೂರು ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಜೊತೆಗೆ ಚಮಚ ತುಂಬ ಔಷಧಿ ಹಿಡಿದು, ತಲೆ ಅಲ್ಲಾಡಿಸುವ ಮಗುವಿನ ಬಾಯಿವರೆಗೆ ಚೆಲ್ಲದೆ ತಲುಪಿಸುವುದು ಸುಮ್ನೆ ಮಾತಲ್ಲ.

ಸೂಜಿ ಇಲ್ಲದ, ಬಾಯಿಗೆ ಹಾಕುವ ಸಿರಿಂಜ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದರ ತುದಿಗೆ ಸಣ್ಣ ಮುಚ್ಚಳ ಇದ್ದರೆ ಮೊದಲು ಕಿತ್ತು ಬಿಸಾಡಿ. ಮರೆತು ಒತ್ತಿದರೆ ಅದು ಹಾರಿ ಮಗುವಿನ ಗಂಟಲಿಗೆ ಸಿಕ್ಕಬಹುದು.

ಬಾಟಲಿಯನ್ನು ಚೆನ್ನಾಗಿ ಕುಲುಕಿ. ಸಸ್ಪೆನ್ಷನ್ ಅಂತ ಬರೆದಿರುವ ಔಷಧಿಗಳಲ್ಲಿ ಔಷಧಿ ತಳಕ್ಕೆ ಇಳಿದಿರುತ್ತದೆ. ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ತೆಳ್ಳಗಿನದು, ಕೊನೆಗೆ ಗಟ್ಟಿಯದು ಹೋಗುತ್ತದೆ. ಸಿರಿಂಜಿಗೆ ಎಳೆದ ಮೇಲೆ ತುದಿ ಮೇಲೆ ಮಾಡಿ ಹಿಡಿದು, ಬೆರಳಿಂದ ತಟ್ಟಿ, ಗುಳ್ಳೆಗಳನ್ನು ಹೊರಗೆ ತಳ್ಳಿ. ಕಣ್ಣಿನ ಮಟ್ಟಕ್ಕೆ ತಂದು ಗೆರೆ ನೋಡಿ.

ಪುಡಿ ರೂಪದಲ್ಲಿ ಬರುವ ಆಂಟಿಬಯಾಟಿಕ್ ಆದರೆ ಮೊದಲು ಬಾಟಲಿ ತಟ್ಟಿ ಪುಡಿ ಬಿಡಿಸಿ. ಕುದಿಸಿ ಆರಿಸಿದ ನೀರನ್ನು ಗುರುತಿಗಿಂತ ಕೆಳಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಕುಲುಕಿ. ಕಲಸಿದ ದಿನಾಂಕವನ್ನು ಬಾಟಲಿ ಮೇಲೆ ಬರೆಯಿರಿ. ಹೆಚ್ಚಿನವು ಕಲಸಿದ ಮೇಲೆ ಒಂದು ವಾರ, ಹತ್ತು ದಿನದಲ್ಲಿ ಕೆಡುತ್ತವೆ. ಫ್ರಿಜ್‌ನಲ್ಲಿ ಇಡಬೇಕೋ ಬೇಡವೋ ಅನ್ನುವುದೂ ಲೇಬಲ್ ಮೇಲಿರುತ್ತದೆ.

ಒಂದು ಎಚ್ಚರಿಕೆ. ಡ್ರಾಪ್ಸ್ ಮತ್ತು ಸಿರಪ್ ಒಂದೇ ಹೆಸರಲ್ಲಿ ಬಂದರೂ ಶಕ್ತಿ ಬೇರೆ. ಡ್ರಾಪ್ಸ್ ಎಷ್ಟೋ ಪಟ್ಟು ಗಟ್ಟಿ ಇರುತ್ತದೆ. ಡ್ರಾಪ್ಸ್‌ನ ಡ್ರಾಪರ್ ತಂದು ಸಿರಪ್ ಅಳೆಯಬೇಡಿ, ಸಿರಪ್‌ನ ಮುಚ್ಚಳದಲ್ಲಿ ಡ್ರಾಪ್ಸ್ ಅಳೆಯಬೇಡಿ.

3. ರುಚಿಗೆ ಏನಾದರೂ ಮಾಡಿ

ಮಕ್ಕಳು ಸುಮ್ನೆ ಹಠ ಮಾಡುತ್ತಾರೆ ಅಂದುಕೊಳ್ಳುವುದು ಸರಿಯಲ್ಲ. ಕಹಿ ಅವರ ನಾಲಿಗೆಗೆ ನಮಗಿಂತ ಜಾಸ್ತಿ ತಟ್ಟುತ್ತದೆ. ನೀವು “ಏನೂ ಕಹಿ ಇಲ್ಲ” ಅಂದ ಔಷಧಿಯನ್ನು ಒಂದು ಹನಿ ನಾಲಿಗೆ ಮೇಲೆ ಇಟ್ಟು ನೋಡಿ. ಕೆಲವು ಆಂಟಿಬಯಾಟಿಕ್‌ಗಳು, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಔಷಧಿಗಳು ದೊಡ್ಡವರ ಮುಖವನ್ನೂ ಸಿಂಡರಿಸುತ್ತವೆ.

ತಣ್ಣಗಿದ್ದರೆ ರುಚಿ ಮಂಕಾಗುತ್ತದೆ. ಲೇಬಲ್ ಒಪ್ಪಿದರೆ ಬಾಟಲಿಯನ್ನು ಫ್ರಿಜ್‌ನಲ್ಲಿಡಿ. ಇಲ್ಲವೇ ನಾಲಿಗೆಯನ್ನೇ ತಣ್ಣಗೆ ಮಾಡಿ. ಸ್ವಲ್ಪ ದೊಡ್ಡ ಮಗುವಾದರೆ ಔಷಧಿಗೆ ಮೊದಲು ಐಸ್ ಕ್ಯಾಂಡಿ ಒಂದು ನಿಮಿಷ ಚೀಪಲಿ. ನಾಲಿಗೆ ಜೋಮು ಹಿಡಿದಂತಾಗಿ ಕಹಿ ಅಷ್ಟಾಗಿ ತಟ್ಟುವುದಿಲ್ಲ. ಚಾಕೊಲೇಟ್ ಸಿರಪ್ ಕಹಿ ಮುಚ್ಚುವುದರಲ್ಲಿ ನಿಸ್ಸೀಮ. ಮೊದಲು ಅರ್ಧ ಚಮಚ ನೆಕ್ಕಿಸಿ ನಾಲಿಗೆ ತುಂಬ ಹರಡಲು ಬಿಡಿ, ನಂತರ ಔಷಧಿ, ಮತ್ತೆ ಅರ್ಧ ಚಮಚ. ಜಾಮ್ ಕೂಡ ನಡೆಯುತ್ತದೆ. ಜೇನುತುಪ್ಪ ಮಾತ್ರ ಒಂದು ವರ್ಷ ತುಂಬದ ಕೂಸಿಗೆ ಬೇಡವೇ ಬೇಡ, ಬಾಟ್ಯುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು.

ಅರ್ಧ ರುಚಿ ಮೂಗಿನದು. ನಾಲ್ಕೈದು ವರ್ಷದ ಮಗುವಿಗೆ ತಾನೇ ಮೂಗು ಮುಚ್ಚಿಕೊಂಡು ಕುಡಿಯಲು ಹೇಳಿಕೊಡಿ, ಅದಕ್ಕೆ ತಮಾಷೆಯಾಗಿಯೂ ಇರುತ್ತದೆ. ನೀವು ಹೋಗಿ ಮೂಗು ಒತ್ತಿಹಿಡಿಯುವುದು ಮಾತ್ರ ಅಪಾಯ. ಉಸಿರು ಕಟ್ಟಿದ ಮಗು ಬಾಯಿ ತೆರೆದು ಜೋರಾಗಿ ಉಸಿರೆಳೆಯುತ್ತದೆ, ಬಾಯಲ್ಲಿದ್ದದ್ದು ನೆತ್ತಿಗೆ ಹತ್ತುತ್ತದೆ.

ತಿಂಡಿಯಲ್ಲಿ ಬೆರೆಸುವುದಾದರೆ ಒಂದೇ ಚಮಚದಷ್ಟು ತಿಂಡಿಯಲ್ಲಿ ಬೆರೆಸಿ, ಆಗಲೇ ತಿನ್ನಿಸಿ. ತುಂಬಿದ ಹಾಲಿನ ಬಾಟಲಿಗೆ ಔಷಧಿ ಹಾಕಬೇಡಿ. ಮಗು ಅರ್ಧ ಕುಡಿದು ಬಿಟ್ಟರೆ ಡೋಸ್ ಕೂಡ ಅರ್ಧ. ಸಾಲದ್ದಕ್ಕೆ ನಾಳೆಯಿಂದ ಹಾಲನ್ನೇ ದೂರ ತಳ್ಳಲು ಶುರು ಮಾಡಬಹುದು, ಅದು ಔಷಧಿಗಿಂತ ದೊಡ್ಡ ತಲೆನೋವು. ಇದೇ ಕಾರಣಕ್ಕೆ ಮಗು ತುಂಬ ಇಷ್ಟಪಡುವ ತಿಂಡಿಯಲ್ಲಿ ಗುಟ್ಟಾಗಿ ಬೆರೆಸುವುದು ನನಗಂತೂ ಒಳ್ಳೆಯ ಉಪಾಯ ಅನ್ನಿಸುವುದಿಲ್ಲ.

ಎಲ್ಲ ಔಷಧಿಯೂ ಎಲ್ಲದರ ಜೊತೆ ಹೊಂದುವುದಿಲ್ಲ. ಕಬ್ಬಿಣದ ಸಿರಪ್ ಮತ್ತು ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿಗಳನ್ನು ಹಾಲಿನ ಜೊತೆ ಕೊಟ್ಟರೆ ಅವು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಲಾರಿಥ್ರೋಮೈಸಿನ್ ಸಿರಪ್ ಕುಡಿಸಿ ಕಿತ್ತಳೆ ರಸ ಕೊಟ್ಟರೆ ಕಹಿ ಇನ್ನೂ ಏರುತ್ತದೆ, ಅದನ್ನು ಫ್ರಿಜ್‌ನಲ್ಲೂ ಇಡಬಾರದು. ಕಬ್ಬಿಣದ ಸಿರಪ್ ಹಲ್ಲಿಗೆ ಕಲೆ ಮಾಡುತ್ತದೆ, ಹಾಗಾಗಿ ಸಿರಿಂಜನ್ನು ಹಲ್ಲು ದಾಟಿಸಿ ಕೊಡಿ, ಆಮೇಲೆ ಬಾಯಿ ಮುಕ್ಕಳಿಸಿ.

4. ಏನು ಹೇಳಿ ಕರೆಯುತ್ತೀರಿ

“ಔಷಧಿ ಕುಡೀತೀಯಾ ಕಂದಾ?” ಅಂತ ಕೇಳಿದರೆ ಉತ್ತರ “ಊಹೂಂ” ಅಂತಲೇ ಬರುವುದು. ಬೇಡ ಅಂದ ಮೇಲೆ ಕುಡಿಸಿದರೆ ನೀವು ಮಾತು ತಪ್ಪಿದ ಹಾಗೆ. ಕುಡಿಯುವುದು ತೀರ್ಮಾನವಾಗಿರುವ ವಿಷಯ, ಅದನ್ನು ಕೇಳಬೇಡಿ. ಹೇಗೆ ಅನ್ನುವುದನ್ನು ಮಗುವಿಗೆ ಬಿಡಿ. “ಈಗ ಔಷಧಿ ಹೊತ್ತು. ಅಮ್ಮನ ತೊಡೆ ಮೇಲಾ, ಕುರ್ಚಿ ಮೇಲಾ?” “ಸಿರಿಂಜ್ ನೀನು ಒತ್ತುತ್ತೀಯಾ, ನಾನು ಒತ್ತಲಾ?” “ಆಮೇಲೆ ನೀರಾ, ಜಾಮಾ?” ಆಯ್ಕೆ ಎರಡೇ ಇರಲಿ, ಎರಡೂ ನಿಮಗೆ ಒಪ್ಪಿಗೆಯಾಗುವಂಥದ್ದು ಇರಲಿ.

ಸುಳ್ಳು ಹೇಳಬೇಡಿ. ಕಹಿ ಇದ್ದರೆ ಕಹಿ ಅನ್ನಿ. “ಸ್ವಲ್ಪ ಕಹಿ ಇದೆ, ಬೇಗ ಮುಗಿಯುತ್ತೆ, ಆಮೇಲೆ ಜಾಮ್ ಇದೆ.” ಒಮ್ಮೆ ಮೋಸ ಹೋದ ಮಗು ಮುಂದಿನ ಸಲ ಸಿಹಿ ಔಷಧಿಯನ್ನೂ ನಂಬುವುದಿಲ್ಲ. ಔಷಧಿಯನ್ನು ಚಾಕೊಲೇಟ್, ಮಿಠಾಯಿ ಅಂತ ಕರೆಯುವುದಂತೂ ಬೇಡ. ಆ ಮಾತನ್ನು ನಂಬಿದ ಮಗು ನೀವಿಲ್ಲದಾಗ ಬಾಟಲಿ ಹುಡುಕಿಕೊಂಡು ಹೋಗುತ್ತದೆ. “ಕುಡೀದಿದ್ರೆ ಡಾಕ್ಟರ್ ಇಂಜೆಕ್ಷನ್ ಚುಚ್ತಾರೆ” ಅನ್ನುವ ಹಳೇ ಬೆದರಿಕೆಯನ್ನೂ ಬಿಟ್ಟುಬಿಡಿ. ನಾಳೆ ನಿಜವಾಗಿ ಲಸಿಕೆ ಹಾಕಿಸಬೇಕಾದಾಗ ಅದರ ಬಡ್ಡಿ ಕಟ್ಟುವವರು ನೀವೇ.

ಅರ್ಧ ಗಂಟೆ ಗೋಗರೆಯುವುದೂ ಕೆಲಸಕ್ಕೆ ಬರುವುದಿಲ್ಲ. ಗೋಗರೆದಷ್ಟೂ ಇದೇನೋ ಭಯಂಕರವಾದದ್ದು ಅನ್ನುವುದು ಮಗುವಿಗೆ ಖಾತ್ರಿಯಾಗುತ್ತದೆ. ಎಲ್ಲ ರೆಡಿ ಮಾಡಿಟ್ಟುಕೊಂಡು ಕರೆಯಿರಿ, ಒಂದೆರಡು ನಿಮಿಷದಲ್ಲಿ ಮುಗಿಸಿ. ಮುಗಿದ ತಕ್ಷಣ ಮೆಚ್ಚುಗೆ, ಕೈ ಮೇಲೆ ಒಂದು ಸ್ಟಿಕ್ಕರ್. ದಿನದ ಕೊನೆಗೆ ಕೊಡುತ್ತೇನೆ ಅಂದ ಬಹುಮಾನ ಎರಡು ವರ್ಷದ ಮಗುವಿಗೆ ಅರ್ಥವೇ ಆಗುವುದಿಲ್ಲ.

5. ಕುಡಿಸುವ ಕ್ಷಣ

ಮಲಗಿಸಿ ಕುಡಿಸಬೇಡಿ. ಬೆನ್ನು ನೇರವಾಗಿ, ತಲೆ ಸ್ವಲ್ಪವೂ ಹಿಂದಕ್ಕೆ ವಾಲದಂತೆ ಕೂರಿಸಿಕೊಳ್ಳಿ. ಸಿರಿಂಜಿನ ತುದಿಯನ್ನು ತುಟಿಯ ಮೂಲೆಯಿಂದ ಒಳಗೆ ತಂದು, ಒಸಡು ಮತ್ತು ಕೆನ್ನೆಯ ನಡುವಿನ ಜಾಗಕ್ಕೆ ಇಡಿ. ಕಹಿ ಜಾಸ್ತಿ ತಟ್ಟುವುದು ನಾಲಿಗೆಗೆ. ಕೆನ್ನೆಯ ಒಳಬದಿಯಲ್ಲಿ ಬಿಟ್ಟರೆ ರುಚಿ ಕಡಿಮೆ ಗೊತ್ತಾಗುತ್ತದೆ, ಉಗುಳುವುದೂ ಅಷ್ಟು ಸುಲಭವಲ್ಲ. ಅರ್ಧ ಎಂಎಲ್, ಒಂದು ಎಂಎಲ್ ಅಷ್ಟೇ ಒತ್ತಿ, ನಿಲ್ಲಿಸಿ. ಗಂಟಲು ಅಲ್ಲಾಡಿತಾ, ನುಂಗಿತಾ ನೋಡಿ, ಆಮೇಲೆ ಮುಂದಿನದು. ಗಂಟಲಿನ ಹಿಂದಕ್ಕೆ ಗುರಿಯಿಟ್ಟು ಒಂದೇ ಸಲ ಒತ್ತಿದರೆ ಓಕರಿಕೆ ಬರುತ್ತದೆ ಅಥವಾ ಶ್ವಾಸನಾಳಕ್ಕೆ ಹೋಗುತ್ತದೆ.

ಮಗು ಅಳುತ್ತಿದ್ದರೆ ಕಾಯಿರಿ. ಬಾಯಿ ತಾನಾಗೇ ತೆರೆದಿದೆಯಲ್ಲ ಅಂತ ಆಸೆ ಹುಟ್ಟುತ್ತದೆ, ಆದರೆ ಅಳುವಿನ ನಡುವೆ ಉಸಿರೆಳೆಯುವಾಗಲೇ ನೆತ್ತಿಗೆ ಹತ್ತುವುದು ಹೆಚ್ಚು.

ಕೈಗೂಸಾದರೆ ಕೆಲಸ ಸುಲಭ. ಹಾಲೂಡಿಸುವ ಮೊದಲು, ಹಸಿದಿರುವಾಗ ಕೊಡಿ (ಹೊಟ್ಟೆ ತುಂಬಿದ ಮೇಲೆಯೇ ಕೊಡಬೇಕಾದ ಔಷಧಿ ಅಲ್ಲದಿದ್ದರೆ). ತೆಳು ಬಟ್ಟೆಯಲ್ಲಿ ಕೈ ಸೇರಿಸಿ ಸುತ್ತಿಕೊಂಡು, ತಲೆ ಎತ್ತರಕ್ಕೆ ಬರುವಂತೆ ತೋಳಲ್ಲಿ ಹಿಡಿಯಿರಿ. ಬಾಟಲಿ ಹಾಲಿನ ಅಭ್ಯಾಸ ಇರುವ ಕೂಸಿಗೆ ಖಾಲಿ ನಿಪ್ಪಲ್‌ಗೆ ಔಷಧಿ ಹಾಕಿ ಚೀಪಿಸಬಹುದು. ಕೊನೆಗೆ ಅದೇ ನಿಪ್ಪಲ್‌ಗೆ ಸ್ವಲ್ಪ ಹಾಲು ಹಾಕಿ ಅಂಟಿಕೊಂಡದ್ದನ್ನೂ ಕುಡಿಸಿ.

6. ಏನು ಮಾಡಿದರೂ ಒಪ್ಪದಿದ್ದರೆ

ಮೊದಲು ಬಿಡುವು ಕೊಡಿ. ಹತ್ತು ನಿಮಿಷ ಆಚೆ ಹೋಗಿ, ಬೇರೆ ಯಾರಾದರೂ ಪ್ರಯತ್ನಿಸಲಿ. ಅಮ್ಮನ ಹತ್ತಿರ ರಂಪ ಮಾಡುವ ಮಗು ಅಜ್ಜಿಯ ಹತ್ತಿರ ಗುಟುಕ್ ಅಂತ ಕುಡಿಯುವುದು ಹೊಸ ಸಂಗತಿಯೇನಲ್ಲ. ಗೊಂಬೆಗೆ ಖಾಲಿ ಸಿರಿಂಜಲ್ಲಿ ಕುಡಿಸುವ ಆಟ ಆಡಿ. ಖಾಲಿ ಸಿರಿಂಜಲ್ಲಿ ನೀರು ತುಂಬಿ ಮಗುವೇ ತನ್ನ ಬಾಯಿಗೆ ಬಿಟ್ಟುಕೊಳ್ಳಲಿ. ಸಿರಿಂಜಿನ ಹೆದರಿಕೆ ಹೋದರೆ ಅರ್ಧ ಗೆದ್ದಂತೆ.

ಆದರೂ ಆಗಲಿಲ್ಲ, ಔಷಧಿ ಬಿಡುವಂತಿಲ್ಲ ಅಂದರೆ ಹಿಡಿದು ಕೊಡಬೇಕಾಗುತ್ತದೆ. ಹೊಡೆಯದೆ, ಬೈಯದೆ, ಬೇಗ. ಮಗುವನ್ನು ತೊಡೆಯ ಮೇಲೆ ಅಡ್ಡಲಾಗಿ, ನೇರವಾಗಿ ಕೂರಿಸಿಕೊಳ್ಳಿ. ಅದರ ಒಂದು ಕೈ ನಿಮ್ಮ ಬೆನ್ನ ಹಿಂದೆ ಹೋಗಲಿ. ಇನ್ನೊಂದು ಕೈಯನ್ನು ಅಪ್ಪಿಕೊಂಡಂತೆ ನಿಮ್ಮ ಕೈಯಿಂದ ಹಿಡಿಯಿರಿ. ಕಾಲುಗಳು ನಿಮ್ಮ ತೊಡೆಗಳ ನಡುವೆ. ತಲೆ ನಿಮ್ಮ ತೋಳಿಗೆ ಒರಗಿರಲಿ. ಇನ್ನೊಬ್ಬರು ಸಿರಿಂಜ್ ಹಿಡಿದರೆ ಒಳ್ಳೆಯದು. ಹಲ್ಲು ಬಿಗಿ ಹಿಡಿದಿದ್ದರೆ ಬಲವಂತವಾಗಿ ತೆರೆಸಬೇಡಿ, ಕೆನ್ನೆಯ ಒಳಗೆ ಬಿಟ್ಟರೆ ಹಿಂದಿನ ಹಲ್ಲುಗಳ ಸಂದಿಯಿಂದ ಇಳಿದುಕೊಳ್ಳುತ್ತದೆ. ಇಲ್ಲೂ ಸ್ವಲ್ಪ ಸ್ವಲ್ಪವೇ. ಮುಗಿದ ಕೂಡಲೇ ಹಿಡಿತ ಬಿಟ್ಟು ಎತ್ತಿಕೊಳ್ಳಿ, ಸಮಾಧಾನ ಮಾಡಿ. “ಎಷ್ಟು ಹಠ ಮಾಡ್ತೀಯಾ” ಅನ್ನುವ ಪಾಠ ಆಗ ಬೇಡ.

ಪ್ರತಿ ಡೋಸಿಗೂ ಹೀಗೇ ಆಗುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಔಷಧಿಯನ್ನೇ ಬದಲಾಯಿಸುವ ದಾರಿ ಇರಬಹುದು. ಜ್ವರಕ್ಕಾದರೆ ಗುದದ್ವಾರದಲ್ಲಿ ಇಡುವ ಮಾತ್ರೆಯೂ ಇದೆ.

7. ಉಗುಳಿದರೆ, ವಾಂತಿಯಾದರೆ, ಮರೆತರೆ

ಉಗುಳಿದಾಗ ಅಂದಾಜಿನ ಮೇಲೆ ಮತ್ತೆ ಪೂರ್ತಿ ಡೋಸ್ ಕೊಟ್ಟುಬಿಡಬೇಡಿ. ಬಾಯಿಗೆ ಹಾಕಿದ್ದು ಹಾಗೇ ಪೂರ್ತಿ ಹೊರಬಂದದ್ದನ್ನು ಕಣ್ಣಾರೆ ಕಂಡಿದ್ದರೆ ಮಾತು ಬೇರೆ. ಸ್ವಲ್ಪ ಹೋಗಿ ಸ್ವಲ್ಪ ಬಂದಿದ್ದರೆ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ. ಕುಡಿದ ಎಷ್ಟು ಹೊತ್ತಿಗೆ ವಾಂತಿಯಾಯಿತು ಅನ್ನುವುದನ್ನು ನೋಡಿಟ್ಟುಕೊಳ್ಳಿ, ಅವರು ಮೊದಲು ಕೇಳುವುದೇ ಅದನ್ನು. ಅರ್ಧ ಗಂಟೆ ದಾಟಿದ್ದರೆ ಎಷ್ಟೋ ಔಷಧಿಗಳನ್ನು ಮತ್ತೆ ಕೊಡಬೇಕಾಗಿ ಬರುವುದಿಲ್ಲ. ಹೃದಯದ, ಫಿಟ್ಸ್‌ನ ಔಷಧಿಗಳಲ್ಲಂತೂ ಕೇಳದೆ ಎರಡನೇ ಸಲ ಕೊಡಲೇಬಾರದು.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಡೋಸ್ ಸೇರಿಸಿ ಕೊಡಬೇಡಿ. ಫ್ರಿಜ್ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿ, ಕೊಟ್ಟವರು ಸಮಯ ಬರೆಯಲಿ. ಅಮ್ಮ ಕೊಟ್ಟದ್ದು ಅಪ್ಪನಿಗೆ ಗೊತ್ತಿಲ್ಲದೆ ಇನ್ನೊಂದು ಸಲ ಹೋಗುವುದು ಇದರಿಂದ ತಪ್ಪುತ್ತದೆ.

ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ, ಮಗು ನೀರನ್ನೂ ಕುಡಿಯದಿದ್ದರೆ, ಉಚ್ಚೆ ಹೊಯ್ಯುವುದು ತೀರಾ ಕಡಿಮೆಯಾದರೆ, ಜೊಲ್ಲನ್ನೂ ನುಂಗಲಾಗದೆ ಸುರಿಸುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಔಷಧಿ ಕುಡಿಸುವ ಪ್ರಯತ್ನ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

8. ಮಾತ್ರೆ ನುಂಗಲು ಕಲಿಸುವುದು

ಹೆಚ್ಚಿನ ಮಕ್ಕಳು ಆರು ವರ್ಷದ ಹೊತ್ತಿಗೆ ಕಲಿಯಬಲ್ಲರು, ಕೆಲವರು ಇನ್ನೂ ಬೇಗ. ಹುಷಾರಾಗಿರುವಾಗಲೇ ಕಲಿಸಿ. ಜ್ವರ ಬಂದು ಗಂಟಲು ನೋಯುತ್ತಿರುವಾಗ ಪಾಠ ಶುರು ಮಾಡಿದರೆ ಇಬ್ಬರಿಗೂ ಸುಸ್ತು. ಕೇಕ್ ಮೇಲೆ ಉದುರಿಸುವ ಸಣ್ಣ ಸಿಹಿ ಕಾಳಿನಿಂದ ಶುರು ಮಾಡಿ. ನಾಲಿಗೆ ಮೇಲೆ ಇಟ್ಟು, ಒಂದು ಗುಟುಕು ನೀರು, ಅಗಿಯದೆ ನುಂಗಬೇಕು. ಅದು ಸಲೀಸಾದ ಮೇಲೆ ಸ್ವಲ್ಪ ದೊಡ್ಡದು. ಎಡವಿದರೆ ಹಿಂದಿನ ಅಳತೆಗೆ ಬಂದು, ಗೆಲುವಿನಲ್ಲೇ ಆ ದಿನದ್ದು ಮುಗಿಸಿ. ಕೂತೇ ಮಾಡಿಸಿ, ನೀವು ಪಕ್ಕದಲ್ಲೇ ಇರಿ. “ಆದರೆ ಇದು ಕಾಳು, ಔಷಧಿ ಅಲ್ಲ” ಅಂತ ಬಿಡಿಸಿ ಹೇಳಲು ಮರೆಯಬೇಡಿ.

ಕ್ಯಾಪ್ಸೂಲ್ ಹಗುರ, ನೀರಲ್ಲಿ ತೇಲುತ್ತದೆ. ತಲೆ ಹಿಂದಕ್ಕೆ ಎತ್ತಿದರೆ ಅದು ಹಲ್ಲಿನ ಕಡೆಗೇ ತೇಲಿ ಬರುತ್ತದೆ. ಗದ್ದ ಎದೆಯ ಕಡೆ ಬಗ್ಗಿಸಿ ನುಂಗಿದರೆ ಗಂಟಲ ಕಡೆಗೆ ಜಾರುತ್ತದೆ.

ಮಾತ್ರೆಯನ್ನು ಪುಡಿ ಮಾಡುವ ಮೊದಲು ಫಾರ್ಮಸಿಸ್ಟನ್ನು ಕೇಳಲೇಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಪುಡಿಯಾದರೆ ದಿನದ ಔಷಧಿಯೆಲ್ಲ ಒಂದೇ ಸಲ ಮೈಗೆ ಹೋಗುತ್ತದೆ. ಹೊಟ್ಟೆಯ ಆಮ್ಲದಿಂದ ಕಾಪಾಡುವ ಲೇಪ ಇರುವ ಮಾತ್ರೆ ಪುಡಿಯಾದರೆ ಔಷಧಿ ಹೊಟ್ಟೆಯಲ್ಲೇ ಹಾಳಾಗಬಹುದು.

9. ಕಣ್ಣು, ಕಿವಿಯ ಹನಿ

ಕಣ್ಣು ಬಿಡಿಸಲು ಹೋರಾಡಬೇಡಿ. ಮಗು ಅಂಗಾತ ಮಲಗಿ ಕಣ್ಣು ಮುಚ್ಚಿಕೊಳ್ಳಲಿ. ಮೂಗಿನ ಪಕ್ಕದ ಕಣ್ಣಿನ ಮೂಲೆಗೆ ಹನಿ ಬಿಟ್ಟು, ಆಮೇಲೆ ಕಣ್ಣು ಪಿಳುಕಿಸಲು ಹೇಳಿ. ಹನಿ ತಾನೇ ಒಳಗಿಳಿಯುತ್ತದೆ. ಕಿವಿಯ ಹನಿಯ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತಣ್ಣಗಿದ್ದರೆ ತಲೆ ತಿರುಗುತ್ತದೆ. ಮೂರು ವರ್ಷದೊಳಗಿನವರಿಗೆ ಕಿವಿಯನ್ನು ಮೆಲ್ಲಗೆ ಹಿಂದಕ್ಕೆ ಮತ್ತು ಕೆಳಕ್ಕೆ, ದೊಡ್ಡವರಿಗೆ ಹಿಂದಕ್ಕೆ ಮತ್ತು ಮೇಲಕ್ಕೆ ಎಳೆದು ಹನಿ ಹಾಕಿ.

10. ಬಾಟಲಿ ಎತ್ತಿಡಿ

ಇಷ್ಟೆಲ್ಲ ಸಾಹಸ ಮಾಡಿ ಮಗುವಿಗೆ ಔಷಧಿ ಒಗ್ಗಿದ ಮೇಲೆ ಇನ್ನೊಂದು ಚಿಂತೆ ಶುರುವಾಗುತ್ತದೆ: ಕೇಳದೆಯೇ ಕುಡಿದುಬಿಟ್ಟರೆ? ಒತ್ತಿ ತಿರುಗಿಸುವ ಮುಚ್ಚಳ ಮಗುವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಕೊಟ್ಟ ಕೂಡಲೇ ಕೈಗೂ ಕಣ್ಣಿಗೂ ಸಿಗದ ಎತ್ತರಕ್ಕೆ, ಸಾಧ್ಯವಾದರೆ ಬೀಗದೊಳಗೆ ಇಡಿ. ಮುಂದಿನ ಡೋಸಿಗೆ ಬೇಕಲ್ಲ ಅಂತ ಮಂಚದ ಪಕ್ಕ ಇಡುವ ಬಾಟಲಿಯೇ ಅಪಾಯದ್ದು. ಅಕಸ್ಮಾತ್ ಮಗು ಬಾಟಲಿಯಿಂದ ಕುಡಿದಿರುವ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪು ನೀರು ಕುಡಿಸಬೇಡಿ. ಮಗು ಚೆನ್ನಾಗಿಯೇ ಆಡುತ್ತಿದ್ದರೂ ಕಾಯಬೇಡಿ, ಪ್ಯಾರಸಿಟಮಾಲ್ ಜಾಸ್ತಿಯಾದರೆ ಮೊದಲ ದಿನ ಏನೂ ಗೊತ್ತಾಗದೆ ಇರಬಹುದು. ಬಾಟಲಿಯನ್ನೂ ಜೊತೆಗೆ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.